ನ್ಯಾಮತಿಯ ಮನೆಯಲ್ಲಿ ನೀಮೋ ಮರಿ: ಮೀನು ತರುವ ಮೊದಲು ಮರಿಯ ಊಟ ಬೆಳೆಸಿ

ಹೋದ ತಿಂಗಳು ರಾತ್ರಿ ಒಂಬತ್ತರ ಹೊತ್ತಿಗೆ ಒಬ್ಬ ಹುಡುಗನ ಫೋನ್ ಬಂತು. ನಮ್ಮ ತಾಲ್ಲೂಕಿನವನೇ, ಸವಳಂಗದ ಕಡೆಯವನು. "ಅಣ್ಣಾ, ನೀವು ಮನೇಲಿ ನೀಮೋ ಮೀನು ಮರಿ ಮಾಡಿಸ್ತೀರಂತೆ. ನಾನೂ ಹತ್ತು ಜೋಡಿ ತರಬೇಕು ಅಂತಿದೀನಿ. ಒಂದು ಜೋಡಿ ತಿಂಗಳಿಗೆ ಎರಡು ಸಲ ಮೊಟ್ಟೆ ಇಡುತ್ತೆ, ಸಲಕ್ಕೆ ಐನೂರು ಮೊಟ್ಟೆ, ಮರಿಗೆ ಮುನ್ನೂರು ರೂಪಾಯಿ..." ಮುಂದಿನ ಗುಣಾಕಾರವನ್ನೂ ಅವನೇ ಮಾಡಿಟ್ಟುಕೊಂಡಿದ್ದ. ತಿಂಗಳಿಗೆ ಮೂವತ್ತು ಲಕ್ಷ! ವಿಡಿಯೋ ನೋಡಿ ಹಾಕಿದ ಲೆಕ್ಕ. ಅಮ್ಮನ ಸರ ಅಡವಿಟ್ಟು ಸಾಲ ತೆಗೆಯೋಕೆ ಮಾರನೇ ದಿನ ಬ್ಯಾಂಕಿಗೆ ಹೊರಟಿದ್ದ.

ನಾನು ಅವನನ್ನು ಕೇಳಿದ್ದು ಒಂದೇ ಪ್ರಶ್ನೆ. "ಮರಿ ಹುಟ್ಟಿದ ಮಾರನೇ ಬೆಳಿಗ್ಗೆ ಅದಕ್ಕೆ ಏನು ತಿನ್ನಿಸ್ತೀಯಪ್ಪಾ?"

"ಪುಡಿ ಫೀಡ್ ಸಿಗುತ್ತಲ್ಲಾ ಅಣ್ಣಾ."

ಸರ ಮನೇಲೇ ಇರಲಿ, ಒಂದು ವಾರ ತಡಿ, ಎಲ್ಲಾ ಬರೆದು ಕಳಿಸ್ತೀನಿ ಅಂದೆ. ಅವನಿಗೆ ವಾಟ್ಸಪ್ಪಿನಲ್ಲಿ ಬರೆದದ್ದನ್ನೇ ಇನ್ನಷ್ಟು ವಿವರ ಸೇರಿಸಿ ಇಲ್ಲಿ ಕೊಡುತ್ತಿದ್ದೇನೆ. ನಾನು ಮೀನುಗಾರಿಕೆ ಓದಿದವನಲ್ಲ. ಎರಡೂವರೆ ಎಕರೆ ಅಡಿಕೆ, ಒಂದಿಷ್ಟು ಮೆಕ್ಕೆಜೋಳ ಇರುವ ರೈತ. ಮನೆಯ ಹಿಂದಿನ ಎಂಟು ಅಡಿ ಅಗಲ, ಹತ್ತು ಅಡಿ ಉದ್ದದ ಕೋಣೆಯಲ್ಲಿ ಮೂರು ವರ್ಷದಿಂದ ಈ ಮೀನು ಸಾಕುತ್ತಿದ್ದೇನೆ. ಮೊದಲ ವರ್ಷ ಒಂದು ಮರಿಯೂ ಉಳಿಯಲಿಲ್ಲ.

ಸಮುದ್ರ ಇಲ್ಲದ ಊರಲ್ಲಿ ಇದು ಆಗುತ್ತಾ?

ಆಗುತ್ತೆ. ನ್ಯಾಮತಿಯಿಂದ ಸಮುದ್ರ ನೋಡಬೇಕಂದ್ರೆ ಶಿವಮೊಗ್ಗ ದಾಟಿ ಘಟ್ಟ ಇಳಿಯಬೇಕು, ನಿಜ. ಆದರೆ ಕ್ಲೌನ್ ಫಿಶ್ಶಿಗೆ ಬೇಕಾದದ್ದು ಸಮುದ್ರವಲ್ಲ, ಸಮುದ್ರದಂಥ ನೀರು. ಅಲಂಕಾರಕ್ಕೆ ಸಾಕುವ ಕಡಲ ಮೀನುಗಳಲ್ಲಿ ಬಹುಪಾಲು ಇವತ್ತಿಗೂ ಹವಳದ ದಿಬ್ಬಗಳಿಂದ ಹಿಡಿದು ತಂದವು. ತೊಟ್ಟಿಯಲ್ಲೇ ಹುಟ್ಟಿ ಬೆಳೆಯೋಕೆ ಒಪ್ಪಿದ ಕೆಲವೇ ಜಾತಿಗಳಲ್ಲಿ ಕ್ಲೌನ್ ಫಿಶ್ ಮುಂಚೂಣಿಯದು. ಅಮೆರಿಕದ ಫ್ಲೋರಿಡಾದಲ್ಲಿ ಮಾರ್ಟಿನ್ ಮೋ ಎಂಬವರು 1970ರ ದಶಕದಲ್ಲೇ ಇದನ್ನು ವ್ಯಾಪಾರದ ಮಟ್ಟಕ್ಕೆ ತಂದಿದ್ದರು. ನಮ್ಮ ದೇಶದಲ್ಲಿ ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆ, ಅಂದರೆ ಸಿಎಂಎಫ್‌ಆರ್‌ಐ, ತನ್ನ ವಿಳಿಂಜಂ ಮತ್ತು ಮಂಡಪಂ ಕೇಂದ್ರಗಳಲ್ಲಿ ಮರಿ ಉತ್ಪಾದನೆ ವಿಧಾನ ಪಳಗಿಸಿದೆ. ತಮಿಳುನಾಡಿನ ಪರಂಗಿಪೇಟೆಯಲ್ಲಿ ಅಣ್ಣಾಮಲೈ ವಿಶ್ವವಿದ್ಯಾಲಯದವರು ನದಿ ಸಮುದ್ರ ಸೇರುವ ಅಳಿವೆಯ ನೀರಲ್ಲೇ, ಅಂದರೆ ಕಡಲಿಗಿಂತ ಕಡಿಮೆ ಉಪ್ಪಿನ ನೀರಲ್ಲೇ, ಮರಿ ಮಾಡಿ ತೋರಿಸಿದರು. ಹಾಗಾಗಿ ಜಾಗ ಅಡ್ಡಿಯಲ್ಲ.

ನಾನು ಸಾಕಿರುವುದು ಓಸೆಲ್ಲಾರಿಸ್ ಜಾತಿ. ಕಿತ್ತಳೆ ಮೈ, ಮೂರು ಬಿಳಿ ಪಟ್ಟಿ. 2003ರಲ್ಲಿ ಬಂದ 'ಫೈಂಡಿಂಗ್ ನೀಮೋ' ಸಿನಿಮಾದ ಮೀನು ಅಂದರೆ ಮಕ್ಕಳೂ ಗುರುತಿಸುತ್ತಾರೆ. ಹೊಸಬರಿಗೆ ಇದೇ ಒಳ್ಳೇದು. ಬೇರೆ ಕೆಲವು ಕ್ಲೌನ್ ಜಾತಿಗಳಷ್ಟು ಜಗಳಗಂಟ ಅಲ್ಲ. ತರುವಾಗ ತೊಟ್ಟಿಯಲ್ಲಿ ಹುಟ್ಟಿದ ಮೀನೇ ಬೇಕು ಅಂತ ಕೇಳಿ ತನ್ನಿ. ಕಡಲಿಂದ ಹಿಡಿದದ್ದು ಒಣ ಆಹಾರ ಮುಟ್ಟೋಕೆ ಹಠ ಮಾಡುತ್ತೆ, ರೋಗವನ್ನೂ ಜೊತೆಗೆ ತರುತ್ತೆ. ಕಡಲ ಹೂವು, ಅಂದರೆ ಅನಿಮೋನ್ ಇಲ್ಲದಿದ್ರೆ ಮೊಟ್ಟೆ ಇಡಲ್ಲ ಅಂತ ಅಂಗಡಿಯವರು ಹೇಳಬಹುದು. ನಂಬಬೇಡಿ. ನನ್ನ ಜೋಡಿ ಒಂದು ಮಣ್ಣಿನ ಹೂಕುಂಡವನ್ನೇ ಮನೆ ಮಾಡಿಕೊಂಡಿದೆ. ಜೀವಂತ ಹವಳದ ಆಸೆಯಂತೂ ಬೇಡವೇ ಬೇಡ. ಕಲ್ಲುಹವಳಕ್ಕೆ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ.

ಗಂಡು ಹೆಣ್ಣಾಗುವ ಮೀನು

ಜೋಡಿ ಮಾಡೋದು ಹೇಗೆ ಅನ್ನೋದು ಎಲ್ಲರ ಪ್ರಶ್ನೆ. ಈ ಮೀನಿನಲ್ಲಿ ಹುಟ್ಟುವಾಗ ಯಾವುದೂ ಹೆಣ್ಣಲ್ಲ. ಗುಂಪಿನಲ್ಲಿ ದೊಡ್ಡದಾಗಿ ಬೆಳೆದು ಯಜಮಾನಿಕೆ ಹಿಡಿದದ್ದು ಹೆಣ್ಣಾಗುತ್ತೆ, ಅದರ ನಂತರದ್ದು ಗಂಡಾಗುತ್ತೆ, ಉಳಿದವು ಬೆಳವಣಿಗೆ ತಡೆದುಕೊಂಡು ಸರದಿ ಕಾಯುತ್ತವೆ. ಹೆಣ್ಣು ಸತ್ತರೆ ಗಂಡೇ ಹೆಣ್ಣಾಗಿ ಬದಲಾಗುತ್ತೆ. ಸಿನಿಮಾದಲ್ಲಿ ತಾಯಿ ಸತ್ತ ಮೇಲೆ ಅಪ್ಪ ಮಗನನ್ನು ಹುಡುಕಿಕೊಂಡು ಸಮುದ್ರವೆಲ್ಲಾ ಅಲೆಯುತ್ತಾನಲ್ಲ, ನಿಜವಾದ ಸಮುದ್ರದಲ್ಲಾದರೆ ಆ ಅಪ್ಪ ಅಷ್ಟೊತ್ತಿಗೆ ಅಮ್ಮನಾಗುವ ದಾರಿಯಲ್ಲಿರುತ್ತಿದ್ದ.

ನಮಗೆ ಇದರಿಂದ ಅನುಕೂಲವೇ. ಒಂದು ಸ್ವಲ್ಪ ದೊಡ್ಡದು, ಒಂದು ಚಿಕ್ಕದು, ಹೀಗೆ ಎರಡು ಎಳೆ ಮೀನು ತಂದು ಒಟ್ಟಿಗೆ ಬಿಟ್ಟರೆ ಜೋಡಿ ತಾನಾಗೇ ಆಗುತ್ತೆ. ದೊಡ್ಡದರ ಎದುರಿಗೆ ಚಿಕ್ಕದು ಮೈ ನಡುಗಿಸಿ ಓರೆಯಾಗಿ ನಿಂತರೆ 'ನೀನೇ ಯಜಮಾನಿ' ಅಂತ ಒಪ್ಪಿಕೊಂಡ ಹಾಗೆ. ಮೂರು ಬಿಡಬೇಡಿ. ಮೂರನೆಯದನ್ನು ಇವೆರಡೂ ಸೇರಿ ಕಚ್ಚಿ ಕೊಲ್ಲುತ್ತವೆ.

ಆದರೆ ಎಳೆ ಮೀನು ತಂದರೆ ಮೊದಲ ಮೊಟ್ಟೆಗೆ ಒಂದು ವರ್ಷ, ಒಂದೂವರೆ ವರ್ಷ ಕಾಯಬೇಕು. ಮೊಟ್ಟೆ ಇಡುತ್ತಿರುವ ಜೋಡಿಯನ್ನೇ ಹೆಚ್ಚು ದುಡ್ಡು ಕೊಟ್ಟು ತಂದರೂ, ಜಾಗ ಬದಲಾದ ಸಿಟ್ಟಿಗೆ ಅದು ತಿಂಗಳುಗಟ್ಟಲೆ ಸುಮ್ಮನಿರಬಹುದು. ಈ ಕಾಯುವ ಸಮಯ ವ್ಯರ್ಥ ಅಲ್ಲ. ಯಾಕೆ ಅಂತ ಮುಂದೆ ಹೇಳ್ತೀನಿ.

ನೀರು

ತಂದೆತಾಯಿ ಮೀನಿಗೆ ನನ್ನದು 30 ಇಂಚು ಉದ್ದ, 15 ಇಂಚು ಅಗಲ, 15 ಇಂಚು ಎತ್ತರದ ಗಾಜಿನ ತೊಟ್ಟಿ. ಸುಮಾರು 100 ಲೀಟರ್ ನೀರು ಹಿಡಿಯುತ್ತೆ. ನಮ್ಮ ಬೋರ್‌ವೆಲ್ ನೀರು ಗಡಸು, ಅದನ್ನು ನೇರ ಹಾಕೋ ಹಾಗಿಲ್ಲ. ಆರ್‌ಓ ನೀರಿಗೆ ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಸಿಂಥೆಟಿಕ್ ಸೀ ಸಾಲ್ಟ್ ಲೀಟರ್‌ಗೆ 35ರಿಂದ 38 ಗ್ರಾಂ ಬೆರೆಸಿ, ಒಂದು ದಿನ ಗಾಳಿ ಆಡಿಸಿ ಬಳಸುತ್ತೇನೆ. ಅಡುಗೆ ಉಪ್ಪು ಹಾಕಿದ್ರೆ ಆಗಲ್ವಾ ಅಂತ ಬಹಳ ಜನ ಕೇಳ್ತಾರೆ. ಆಗಲ್ಲ. ಅಡುಗೆ ಉಪ್ಪು ಬರೀ ಸೋಡಿಯಂ ಕ್ಲೋರೈಡ್. ಕಡಲ ನೀರಲ್ಲಿ ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ ಎಲ್ಲಾ ಲೆಕ್ಕದಲ್ಲಿರುತ್ತೆ. ಬರೀ ಯೂರಿಯಾ ಹಾಕಿ ಮೆಕ್ಕೆಜೋಳ ಬೆಳೀತೀನಿ ಅಂದ ಹಾಗಾಗುತ್ತೆ.

ಉಪ್ಪಿನ ಸಾಂದ್ರತೆ ಹೈಡ್ರೋಮೀಟರ್‌ನಲ್ಲಿ 1.024 ಆಸುಪಾಸು, ಪಿಎಚ್ 8ರಿಂದ 8.3, ಉಷ್ಣತೆ 26ರಿಂದ 28 ಡಿಗ್ರಿ. ನೀರು ಆವಿಯಾಗಿ ಕಡಿಮೆಯಾದಾಗ ಉಪ್ಪುನೀರು ತುಂಬಿಸಬೇಡಿ. ಆವಿಯಾಗೋದು ನೀರು ಮಾತ್ರ, ಉಪ್ಪು ತೊಟ್ಟಿಯಲ್ಲೇ ಉಳಿದಿರುತ್ತೆ. ಬರೀ ಆರ್‌ಓ ನೀರು ಹಾಕಿ.

ಮೀನು ಬಿಡುವ ಮೊದಲು ತೊಟ್ಟಿ ನಾಲ್ಕರಿಂದ ಆರು ವಾರ ಪಕ್ವವಾಗಬೇಕು. ಹೊಲಕ್ಕೆ ಹಾಕಿದ ಯೂರಿಯಾ ಮಣ್ಣಿನಲ್ಲಿ ಅಮೋನಿಯಾ ಆಗಿ, ಬ್ಯಾಕ್ಟೀರಿಯಾ ಕೈಯಲ್ಲಿ ನೈಟ್ರೈಟ್ ಆಗಿ, ಆಮೇಲೆ ನೈಟ್ರೇಟ್ ಆಗೋದು ನಿಮಗೆ ಗೊತ್ತು. ತೊಟ್ಟಿಯಲ್ಲೂ ಅದೇ ನಡೆಯಬೇಕು. ಮೀನಿನ ಹೇಲಿಂದ, ಕಿವಿರಿಂದ, ಉಳಿದ ಆಹಾರದಿಂದ ಬರುವ ಅಮೋನಿಯಾವನ್ನು ಮುಗಿಸುವ ಬ್ಯಾಕ್ಟೀರಿಯಾ ಸ್ಪಾಂಜ್ ಫಿಲ್ಟರಿನಲ್ಲಿ, ಕಲ್ಲಿನ ಮೇಲೆ ನೆಲೆಯೂರೋಕೆ ಅಷ್ಟು ಸಮಯ ಬೇಕು. ಕಡಲ ನೀರಿನಂತೆ ಪಿಎಚ್ 8 ದಾಟಿದ ನೀರಲ್ಲಿ ಅಮೋನಿಯಾ ಇನ್ನೂ ಹೆಚ್ಚು ವಿಷ. ಟೆಸ್ಟ್ ಕಿಟ್ ತನ್ನಿ, ಅಮೋನಿಯಾ ಮತ್ತು ನೈಟ್ರೈಟ್ ಎರಡೂ ಸೊನ್ನೆ ತೋರಿಸಿದ ಮೇಲೆ ಮೀನು ಬಿಡಿ.

ಜೋಡಿಗೆ ದಿನಕ್ಕೆ ಎರಡು ಮೂರು ಸಲ ಸಣ್ಣಗೆ ಹೆಚ್ಚಿದ ಸೀಗಡಿ, ಮೀನಿನ ಮಾಂಸ, ನಡುವೆ ಒಳ್ಳೆ ಗುಣಮಟ್ಟದ ಕಾಳು ಆಹಾರ. ದೀಪ ದಿನಕ್ಕೆ 12ರಿಂದ 14 ಗಂಟೆ, ಟೈಮರ್ ಹಾಕಿಬಿಡಿ. ಹೂಕುಂಡದ ಪಕ್ಕ ಗೋಡೆಗೆ ಒರಗಿಸಿ ಒಂದು ಟೈಲ್ಸ್ ತುಂಡು ಇಡಿ, ಒರಟು ಮುಖ ಹೊರಗೆ ಬರೋ ಹಾಗೆ. ಒಂದು ದಿನ ಎರಡೂ ಸೇರಿ ಆ ಟೈಲ್ಸನ್ನು ಬಾಯಲ್ಲಿ ಕಚ್ಚಿ ಕಚ್ಚಿ ಸ್ವಚ್ಛ ಮಾಡೋಕೆ ಶುರುಮಾಡ್ತವೆ. ಹೆಣ್ಣಿನ ಹೊಟ್ಟೆ ಉಬ್ಬಿರುತ್ತೆ. ಒಂದೆರಡು ದಿನದಲ್ಲಿ ಮೊಟ್ಟೆ ಗ್ಯಾರಂಟಿ. ಕಿತ್ತಳೆ ಬಣ್ಣದ, ಅಕ್ಕಿನುಚ್ಚಿನಂಥ ಮೊಟ್ಟೆ, ಒತ್ತೊತ್ತಾಗಿ ನೂರಾರು. ಗಂಡು ಹಗಲೂ ರಾತ್ರಿ ರೆಕ್ಕೆಯಿಂದ ಗಾಳಿ ಬೀಸುತ್ತಾ, ಕೆಟ್ಟ ಮೊಟ್ಟೆ ಆರಿಸಿ ತೆಗೆಯುತ್ತಾ ಕಾವಲು ಕಾಯುತ್ತೆ. ಮೊದಲ ಒಂದೆರಡು ಸಲ ಅವೇ ಮೊಟ್ಟೆ ತಿಂದುಬಿಡಬಹುದು, ಬೇಜಾರು ಬೇಡ. ಒಮ್ಮೆ ರೂಢಿಯಾದರೆ ಎರಡು ವಾರಕ್ಕೊಮ್ಮೆ ಇಡುತ್ತಲೇ ಇರುತ್ತವೆ.

ವಿಡಿಯೋಗಳು ಇಲ್ಲಿಗೆ ಮುಗಿಯುತ್ತವೆ. ಮೊಟ್ಟೆ ತೋರಿಸಿ, ಆಮೇಲೆ ಪಟ್ಟಿ ಬಂದ ಚಂದದ ಮರಿ ತೋರಿಸಿ, ಲೈಕ್ ಮಾಡಿ ಅಂತಾರೆ. ನಡುವಿನ ಹತ್ತು ದಿನ ತೋರಿಸಲ್ಲ. ಇಡೀ ಕಸುಬು ಇರೋದು ಆ ಹತ್ತು ದಿನದಲ್ಲಿ.

ಮರಿಯ ಊಟ

ಹುಟ್ಟಿದ ಮರಿ 3–4 ಮಿಲಿಮೀಟರ್. ಪಾರದರ್ಶಕ, ಎರಡು ಕಣ್ಣು ಮಾತ್ರ ಕಾಣುತ್ತೆ. ಅದರ ಬಾಯಿ ಎಷ್ಟು ಚಿಕ್ಕದಿರಬಹುದು ಅಂದಾಜು ಮಾಡಿ. ಹೊಟ್ಟೆಯಲ್ಲಿ ತಂದ ಬುತ್ತಿ ಬಹಳ ಕಡಿಮೆ, ಹುಟ್ಟಿದ ಕೆಲವೇ ಗಂಟೆಗಳಲ್ಲಿ ಬೇಟೆ ಶುರುಮಾಡಬೇಕು. ಬೇಟೆ ಅಂದರೆ ಬೇಟೆಯೇ. ಕಣ್ಣಿಗೆ ಕಂಡು, ಅಲುಗಾಡುತ್ತಾ ತೇಲುವ ಜೀವವನ್ನು ಮಾತ್ರ ಅದು ಹಿಡಿಯುತ್ತೆ.

ನನ್ನ ಮೊದಲ ಮೂರು ಬ್ಯಾಚ್ ಸತ್ತದ್ದು ಇದು ಗೊತ್ತಿಲ್ಲದೆ. ಗೋಲ್ಡ್ ಫಿಶ್ ಮರಿಗೆ ಬೇಯಿಸಿದ ಮೊಟ್ಟೆಯ ಹಳದಿ ಭಾಗ ನೀರಲ್ಲಿ ಕಿವುಚಿ ಹಾಕ್ತಾರಲ್ಲ, ನಾನೂ ಹಾಗೇ ಮಾಡಿದೆ. ಒಂದು ಮರಿಯೂ ಅದರ ಕಡೆ ತಿರುಗಿ ನೋಡಲಿಲ್ಲ. ನೀರು ಕೆಟ್ಟಿತು. ಮೂರನೇ ದಿನ ಬೆಳಿಗ್ಗೆ ತೊಟ್ಟಿಯ ತಳದಲ್ಲಿ ಬಿಳಿ ಎಳೆಗಳ ಹಾಗೆ ಬಿದ್ದಿದ್ದವು. ಎರಡನೇ ಸಲ ಪುಡಿ ಫೀಡ್, ಮೂರನೇ ಸಲ ನಮ್ಮ ಕೃಷಿಹೊಂಡದ ಹಸಿರು ನೀರು. ಫಲ ಒಂದೇ. ಸಿಹಿನೀರಿನ ಜೀವಾಣುಗಳು ಉಪ್ಪುನೀರಿಗೆ ಬಿದ್ದ ಕೂಡಲೇ ಸಾಯುತ್ತವೆ ಅನ್ನೋದೂ ಆಗ ಹೊಳೆದಿರಲಿಲ್ಲ.

ಬೇಕಾದದ್ದು ರೋಟಿಫರ್. ಉಪ್ಪುನೀರಲ್ಲಿ ಬದುಕುವ, ಬರಿಗಣ್ಣಿಗೆ ಧೂಳಿನ ಕಣದಷ್ಟೇ ಕಾಣುವ ಜೀವಿ. ಒಂದು ಮಿಲಿಮೀಟರಿನ ಹತ್ತನೇ ಒಂದರಿಂದ ಕಾಲು ಭಾಗದವರೆಗಿನ ಗಾತ್ರ. ನಿಧಾನಕ್ಕೆ ಈಜುತ್ತೆ, ಮರಿಗೆ ಸಿಕ್ಕಿಬೀಳುತ್ತೆ. ಮೊದಲ ಒಂದು ವಾರ ಮರಿತೊಟ್ಟಿಯ ಪ್ರತಿ ಮಿಲಿಲೀಟರ್ ನೀರಲ್ಲಿ ಸುಮಾರು ಹತ್ತು ರೋಟಿಫರ್ ಸದಾ ಇರಬೇಕು. ಲೆಕ್ಕ ನೋಡಿ. 20 ಲೀಟರ್ ಮರಿತೊಟ್ಟಿ ಅಂದರೆ 20,000 ಮಿಲಿಲೀಟರ್. ಹತ್ತರಂತೆ ಎರಡು ಲಕ್ಷ ರೋಟಿಫರ್. ತಿಂದದ್ದನ್ನು ದಿನಾ ತುಂಬಿಸುತ್ತಿರಬೇಕು. ಆ ಹುಡುಗ ಹಾಕಬೇಕಾಗಿದ್ದ ಲೆಕ್ಕ ಇದು.

ಕೇಳಿ ಹೆದರಬೇಡಿ, ಬೆಳೆಸೋದು ಕಷ್ಟವಲ್ಲ. ತಪ್ಪದೆ ಮಾಡಬೇಕು ಅಷ್ಟೇ, ಹಾಲು ಕರೆದ ಹಾಗೆ. 20 ಲೀಟರಿನ ಬಿಳಿ ಕ್ಯಾನ್ ಎರಡು ಇಟ್ಟುಕೊಳ್ಳಿ. ಒಂದು ಕೆಟ್ಟರೆ ಇನ್ನೊಂದು ಇರಲಿ ಅಂತ ಎರಡು. ಉಪ್ಪು ತುಸು ಕಡಿಮೆ, ಲೀಟರ್‌ಗೆ 20–25 ಗ್ರಾಂ ಸಾಕು. ಸಣ್ಣಗೆ ಗಾಳಿ ಬಿಡಿ. ಆಹಾರಕ್ಕೆ ನ್ಯಾನೋಕ್ಲೋರಾಪ್ಸಿಸ್ ಎಂಬ ಕಡಲ ಪಾಚಿ. ನೀರಿನ ಬಾಟಲಿಗಳಲ್ಲಿ ಎಲ್‌ಇಡಿ ಬೆಳಕಿಗೆ ನೀವೇ ಬೆಳೆಸಬಹುದು, ಇಲ್ಲಾ ಫ್ರಿಜ್ಜಿನಲ್ಲಿಡುವ ಪಾಚಿ ಪೇಸ್ಟ್ ತರಿಸಬಹುದು. ಕ್ಯಾನಿನ ನೀರು ತೆಳು ಹಸಿರು ಇರೋವಷ್ಟು ಹಾಕಿ. ಹಸಿರು ಮಾಯವಾದರೆ ರೋಟಿಫರ್ ಹಸಿದಿವೆ ಅಂತ ಅರ್ಥ. ಬೇಕರಿ ಯೀಸ್ಟ್ ಹಾಕಿಯೂ ಬೆಳೆಸುತ್ತಾರೆ, ಅಗ್ಗ. ಆದರೆ ನೀರು ಬೇಗ ಕೆಡುತ್ತೆ, ಯೀಸ್ಟ್ ತಿಂದ ರೋಟಿಫರಿನಲ್ಲಿ ಮರಿಗೆ ಬೇಕಾದ ಕೊಬ್ಬಿನಾಮ್ಲ ಇರಲ್ಲ. ಹೊಟ್ಟೆ ತುಂಬಿದ್ದೂ ಮರಿ ಸಾಯುತ್ತೆ. ಚೆನ್ನಾಗಿ ನಡೆಯುವ ಕ್ಯಾನಿನಲ್ಲಿ ಮಿಲಿಲೀಟರಿಗೆ ನೂರು ರೋಟಿಫರ್ ಇರುತ್ತೆ, ಎರಡು ಲೀಟರ್ ಸೋಸಿದರೆ ಎರಡು ಲಕ್ಷ ಸಿಕ್ಕಿತು. ದಿನಾ ಕಾಲು ಭಾಗ ತೆಗೆದು ಸೂಕ್ಷ್ಮ ಬಲೆಯಲ್ಲಿ ಸೋಸಿ, ಅಷ್ಟೇ ಹೊಸ ಉಪ್ಪುನೀರು ತುಂಬಿಸಿ. ಮರಿ ಇಲ್ಲದಿದ್ದರೂ ತೆಗೆಯಬೇಕು, ಇಲ್ಲಾಂದ್ರೆ ಕಿಕ್ಕಿರಿದು ಒಂದೇ ರಾತ್ರಿಗೆ ಎಲ್ಲಾ ಸತ್ತುಹೋಗುತ್ತವೆ.

ರೈತರಾದ ನಮಗೆ ಇಲ್ಲಿ ಒಂದು ವಿಶೇಷ ಅಪಾಯ ಇದೆ. 2018ರಲ್ಲಿ ದೇಶದಲ್ಲೇ ಮೊದಲು ನಮ್ಮ ಶಿವಮೊಗ್ಗ ಸೀಮೆಯಲ್ಲಿ ಪತ್ತೆಯಾದ ಫಾಲ್ ಆರ್ಮಿವರ್ಮ್ ಈಗ ಎಲ್ಲರ ಮೆಕ್ಕೆಜೋಳದಲ್ಲೂ ಇದೆ. ಒಂದು ಸಂಜೆ ಔಷಧಿ ಹೊಡೆದು ಬಂದವನು ಕೈ ತೊಳೆದ ಶಾಸ್ತ್ರ ಮಾಡಿ ರೋಟಿಫರ್ ಕ್ಯಾನಿನ ಏರ್ ಸ್ಟೋನ್ ಸರಿಮಾಡಿದೆ. ಬೆಳಿಗ್ಗೆ ಕ್ಯಾನಿನ ನೀರು ತಿಳಿಯಾಗಿತ್ತು, ಒಂದೂ ಜೀವ ಇರಲಿಲ್ಲ. ಕೀಟನಾಶಕದ ಗುರುತು ಸಿಗದಷ್ಟು ಅಂಶ ಸಾಕು. ಸ್ಪ್ರೇ ಮಾಡಿದ ದಿನ ಆ ಕೋಣೆಗೆ ಮನೆಯವರನ್ನು ಕಳಿಸಿ, ನೀವು ಹೋಗಬೇಡಿ. ಸೊಳ್ಳೆ ಬತ್ತಿ, ಸೊಳ್ಳೆ ಔಷಧಿಯ ಪ್ಲಗ್ ಕೂಡ ಆ ಕೋಣೆಯಲ್ಲಿ ಬೇಡ. ಏರ್ ಪಂಪ್ ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ತಳ್ಳುತ್ತೆ ಅನ್ನೋದು ನೆನಪಿರಲಿ.

ಮೊಟ್ಟೆ ಒಡೆಯುವ ರಾತ್ರಿ

ಮೊಟ್ಟೆಯ ಕಿತ್ತಳೆ ಬಣ್ಣ ಮೂರು ನಾಲ್ಕು ದಿನಕ್ಕೆ ಕಂದಾಗುತ್ತೆ. ಆಮೇಲೆ ಪ್ರತಿ ಮೊಟ್ಟೆಯಲ್ಲೂ ಎರಡು ಬೆಳ್ಳಿ ಚುಕ್ಕಿ ಮಿನುಗುತ್ತವೆ, ಅವು ಮರಿಯ ಕಣ್ಣು. 27–28 ಡಿಗ್ರಿ ನೀರಲ್ಲಿ ಏಳು ಅಥವಾ ಎಂಟನೇ ದಿನ, ದೀಪ ಆರಿದ ಒಂದೆರಡು ಗಂಟೆಯೊಳಗೆ ಒಡೆಯುತ್ತವೆ. ಕತ್ತಲಲ್ಲಿ ಮಾತ್ರ.

ಆ ಸಂಜೆ ನಾನು 20 ಲೀಟರಿನ ಮರಿತೊಟ್ಟಿಗೆ ತಂದೆತಾಯಿ ತೊಟ್ಟಿಯ ನೀರನ್ನೇ ತುಂಬಿಸುತ್ತೇನೆ. ಹೊಸ ನೀರಲ್ಲ, ಅದೇ ನೀರು. ಮೂರು ಬದಿಗೆ ಕಪ್ಪು ಕಾಗದ ಅಂಟಿಸಿರುತ್ತೇನೆ. ದೀಪ ಆರುವ ಮೊದಲು ಟೈಲ್ಸನ್ನು ನೀರಲ್ಲೇ ಒಂದು ಡಬ್ಬಿಗೆ ಜಾರಿಸಿ, ಗಾಳಿಗೆ ತೆರೆಯದ ಹಾಗೆ ಎತ್ತಿ ಮರಿತೊಟ್ಟಿಗೆ ಇಳಿಸಬೇಕು. ಅಪ್ಪ ಮೀನು ಕೈ ಕಚ್ಚುತ್ತೆ. ಪಾಪ, ಅದರ ಕೆಲಸ ಅದು. ಅದು ಬೀಸುತ್ತಿದ್ದ ಗಾಳಿಯ ಬದಲಿಗೆ ಟೈಲ್ಸ್ ಪಕ್ಕ ಏರ್ ಸ್ಟೋನ್ ಇಟ್ಟು, ಗುಳ್ಳೆಗಳಿಂದ ಎದ್ದ ನೀರಿನ ಸೆಳವು ಮೊಟ್ಟೆಗಳ ಮೇಲೆ ಹಾದುಹೋಗುವ ಹಾಗೆ ಮಾಡಿ, ಕೋಣೆ ಕತ್ತಲು ಮಾಡಿ ಬಾಗಿಲು ಎಳೆದುಕೊಂಡು ಬನ್ನಿ. ಬೆಳಿಗ್ಗೆ ಟೈಲ್ಸ್ ಖಾಲಿ ಇದ್ದರೆ ನೀರಲ್ಲಿ ಮರಿ ಇದೆ.

ಇಲ್ಲಿಂದ ಗಾಳಿ ನಿಧಾನ, ಸೆಕೆಂಡಿಗೆ ಒಂದೆರಡು ಗುಳ್ಳೆ. ಜೋರು ಮಾಡಿದರೆ ಮರಿ ಗಾಜಿಗೆ ಬಡಿದು ಸಾಯುತ್ತೆ. ಬೆಳಕೂ ಮಂದ. ಫೋನಿನ ಟಾರ್ಚ್ ಹಿಡಿದು ಒಮ್ಮೆಲೇ ಬೆಳಕು ಬಿಟ್ಟರೆ ಗಾಬರಿಗೇ ಕೆಲವು ಸಾಯುತ್ತವೆ. ಮೊದಲ ಸಲ ಸ್ಟೇಟಸ್ಸಿಗೆ ಹಾಕೋಕೆ ವಿಡಿಯೋ ಮಾಡಲು ಹೋಗಿ ನಾನು ಇದನ್ನು ಕಲಿತೆ. ನೀರಿಗೆ ಸ್ವಲ್ಪ ಪಾಚಿ ಹಾಕಿ ತಿಳಿ ಹಸಿರು ಮಾಡಿ. ರೋಟಿಫರಿಗೆ ಅದೇ ಊಟ, ಮರಿಗೆ ಬೆಳಕಿನ ತೀಕ್ಷ್ಣತೆಯೂ ತಗ್ಗುತ್ತೆ.

ದಿನಕ್ಕೆರಡು ಸಲ ಮಾಡಬೇಕಾದ್ದು ಇಷ್ಟು: ಒಂದು ಹನಿ ನೀರು ಗಾಜಿನ ಮೇಲೆ ತೆಗೆದು ಭೂತಗನ್ನಡಿಯಲ್ಲಿ ರೋಟಿಫರ್ ಇವೆಯಾ ನೋಡುವುದು, ಏರ್ ಪೈಪಿನಂಥ ಸಣ್ಣ ಕೊಳವೆಯಲ್ಲಿ ತಳದ ಕಸ ಎಳೆಯುವುದು, ಅಮೋನಿಯಾ ಪರೀಕ್ಷಿಸಿ ನೂರಕ್ಕೆ ಹತ್ತು ಹದಿನೈದು ಭಾಗ ನೀರು ಹನಿಹನಿಯಾಗಿ ಬದಲಿಸುವುದು. ಆರೇಳನೇ ದಿನದಿಂದ ಹೊಸದಾಗಿ ಒಡೆದ ಆರ್ಟೀಮಿಯಾ ಮರಿಯನ್ನು ಸ್ವಲ್ಪ ಸ್ವಲ್ಪ ಕೊಡಿ, ರೋಟಿಫರನ್ನು ಒಮ್ಮೆಲೇ ನಿಲ್ಲಿಸಬೇಡಿ. ಆರ್ಟೀಮಿಯಾ ಮೊಟ್ಟೆ ಡಬ್ಬಿಯಲ್ಲಿ ಸಿಗುತ್ತೆ, ಉಪ್ಪುನೀರಲ್ಲಿ ಗಾಳಿ ಆಡಿಸಿದರೆ ಒಂದು ದಿನದಲ್ಲಿ ಒಡೆಯುತ್ತೆ. ಮರಿಗಳು ಬೆಳಕಿನ ಕಡೆ ಬರುತ್ತವೆ, ಖಾಲಿ ಸಿಪ್ಪೆ ಮೇಲೆ ತೇಲುತ್ತೆ. ಸಿಪ್ಪೆ ಬೆರೆಯದ ಹಾಗೆ ತೆಗೆಯಿರಿ, ಅದು ನುಂಗಿದ ಮರಿಯ ಹೊಟ್ಟೆ ಕಟ್ಟುತ್ತೆ.

ಹತ್ತನೇ ದಿನದ ಹೊತ್ತಿಗೆ ಒಂದು ಬೆಳಿಗ್ಗೆ ಕೆಲವು ಮರಿ ಮೇಲೆ ತೇಲೋದು ಬಿಟ್ಟು ತೊಟ್ಟಿಯ ಬದಿಗೆ, ತಳಕ್ಕೆ ಅಂಟಿಕೊಂಡ ಹಾಗೆ ಓಡಾಡುತ್ತಿರುತ್ತವೆ. ತಲೆಯ ಹಿಂದೆ ಮಸುಕಾಗಿ ಒಂದು ಬಿಳಿ ಪಟ್ಟಿ. ಅಲ್ಲಿಗೆ ಗಂಡಾಂತರ ಬಹುಪಾಲು ಕಳೆಯಿತು. ಮೊದಲ ಬಾರಿ ನನಗೆ ಉಳಿದದ್ದು ಹದಿನಾಲ್ಕು. ನಮ್ಮಮ್ಮ ದಿನಾ ಎಣಿಸೋರು. ಈಗ ಚೆನ್ನಾಗಿ ನಡೆದ ಬ್ಯಾಚಿನಲ್ಲಿ ನೂರರ ಆಸುಪಾಸು ಉಳಿಯುತ್ತೆ, ಕೈಕೊಟ್ಟ ಬ್ಯಾಚಿನಲ್ಲಿ ಈಗಲೂ ಸೊನ್ನೆ.

ಕರೆಂಟು, ಬಿಸಿಲು, ಉಪ್ಪು

ಏರ್ ಪಂಪಿಗೆ ಬೇಕಾದ ವಿದ್ಯುತ್ ಐದಾರು ವ್ಯಾಟ್ ಅಷ್ಟೇ, ಆದರೆ ಅದು ನಿಲ್ಲುವ ಹಾಗಿಲ್ಲ. ಮಳೆಗಾಲದಲ್ಲಿ ನಮ್ಮಲ್ಲಿ ರಾತ್ರಿಯಿಡೀ ಕರೆಂಟು ಇಲ್ಲದ ದಿನ ಇರುತ್ತವೆ. ಮನೆಯ ಇನ್ವರ್ಟರಿಗೆ ಆ ಕೋಣೆಯ ಏರ್ ಪಂಪಿನ ಲೈನ್ ಮಾತ್ರ ಸೇರಿಸಿ, ಹೀಟರ್ ಸೇರಿಸಬೇಡಿ, ಬ್ಯಾಟರಿ ಎಳೆದುಬಿಡುತ್ತೆ. ಬ್ಯಾಟರಿಯಲ್ಲೇ ನಡೆಯುವ ಏರ್ ಪಂಪ್ ಒಂದು ಕೈಗೆ ಸಿಗೋ ಕಡೆ ಇರಲಿ. ಚಳಿಗಾಲದ ರಾತ್ರಿ 100 ಲೀಟರಿಗೆ 100 ವ್ಯಾಟ್ ಹೀಟರ್ ಬೇಕಾಗುತ್ತೆ. ಏಪ್ರಿಲ್‌ನಲ್ಲಿ ಉಲ್ಟಾ, ನೀರು 31 ಡಿಗ್ರಿ ದಾಟುತ್ತೆ. ತೊಟ್ಟಿಯ ಮುಚ್ಚಳ ತೆಗೆದು ನೀರಿನ ಮೇಲೆ ಸಣ್ಣ ಫ್ಯಾನ್ ಬೀಸಿದರೆ ಎರಡು ಮೂರು ಡಿಗ್ರಿ ಇಳಿಯುತ್ತೆ. ಆಗ ಆವಿಯಾಗೋದೂ ಹೆಚ್ಚು, ಆರ್‌ಓ ನೀರು ದಿನಾ ತುಂಬಿಸಬೇಕು.

ಇನ್ನೊಂದು ವಿಷಯ. ವಾರಕ್ಕೆ 20 ಲೀಟರ್ ಹಳೇ ನೀರು ಹೊರಗೆ ಚೆಲ್ಲಿದರೆ 700 ಗ್ರಾಂ ಉಪ್ಪು ಚೆಲ್ಲಿದ ಹಾಗೆ. ವರ್ಷಕ್ಕೆ 36 ಕೆ.ಜಿ. ಅದನ್ನು ಬಚ್ಚಲು ನೀರಿನ ಜೊತೆ ತೋಟಕ್ಕೆ ಬಿಟ್ಟರೆ ಅಡಿಕೆ ಬೇರು ಸುಮ್ಮನಿರಲ್ಲ, ಬಾವಿ ಬೋರ್‌ವೆಲ್ಲಿಗೂ ಒಳ್ಳೇದಲ್ಲ. ನಾನು ಟೆರೇಸಿನ ಮೇಲೆ ಟಾರ್ಪಾಲಿನ ಮಡಿ ಮಾಡಿ ಒಣಗಿಸುತ್ತೇನೆ. ಮಳೆಗಾಲಕ್ಕೆ ಹಳೇ ಡ್ರಮ್ಮಿನಲ್ಲಿ ಶೇಖರಿಸಿಡುತ್ತೇನೆ. ಇದನ್ನು ಯಾವ ವಿಡಿಯೋದಲ್ಲೂ ನಾನು ನೋಡಿಲ್ಲ.

ದುಡ್ಡಿನ ಮಾತು

ಮುಚ್ಚುಮರೆ ಇಲ್ಲದೆ ನನ್ನ ಲೆಕ್ಕ ಹೇಳ್ತೀನಿ. ತೊಟ್ಟಿ, ಮೀನು, ಉಪ್ಪು, ಬ್ಯಾಟರಿ, ಕಿಟ್ ಎಲ್ಲಾ ಸೇರಿ ಮೊದಲ ವರ್ಷ ಹತ್ತಿರ ಹತ್ತಿರ 46,000 ರೂಪಾಯಿ ಹೋಯಿತು, ಬಂದದ್ದು ಏನೂ ಇಲ್ಲ. ಕಳೆದ ವರ್ಷ 260 ಮರಿ ಮಾರಿದೆ. ಅಂಗಡಿಯಲ್ಲಿ ಗಿರಾಕಿ ಕೊಡುವ ಬೆಲೆ ನಮಗೆ ಸಿಗಲ್ಲ. ನನಗೆ ಸಿಕ್ಕಿದ್ದು ಸರಾಸರಿ 130 ರೂಪಾಯಿ, ಒಟ್ಟು 33,800. ಉಪ್ಪು, ಪಾಚಿ, ಆರ್ಟೀಮಿಯಾ, ಕರೆಂಟು, ಆಕ್ಸಿಜನ್ ಪ್ಯಾಕಿಂಗ್, ಬೆಂಗಳೂರಿಗೆ ರಾತ್ರಿ ಬಸ್ಸಿನ ಪಾರ್ಸೆಲ್ ಕಳೆದರೆ ಕೈಗೆ ಉಳಿದದ್ದು ಹನ್ನೆರಡು ಸಾವಿರ ಚಿಲ್ಲರೆ. ನನ್ನ ಕೂಲಿ ಇದರಲ್ಲಿ ಸೇರಿಲ್ಲ. ಮರಿ ಮಾರಾಟದ ಗಾತ್ರಕ್ಕೆ, ಅಂದರೆ ಒಂದು ಇಂಚಿಗೆ ಬರೋಕೆ ಮೂರು ನಾಲ್ಕು ತಿಂಗಳು ಬೇಕು. ಶಿವಮೊಗ್ಗ, ದಾವಣಗೆರೆ ಅಂಗಡಿಯವರು ಒಂದು ಸಲಕ್ಕೆ ಐದು ಹತ್ತು ತಗೊಂಡರೆ ಹೆಚ್ಚು, ಯಾಕಂದ್ರೆ ಉಪ್ಪುನೀರಿನ ತೊಟ್ಟಿ ಇಡುವವರು ಇಲ್ಲಿ ಕಡಿಮೆ. ಹತ್ತು ಜೋಡಿ ಸಾಕಿ ಮರಿ ಮಾಡಿದರೆ ಅದನ್ನು ಕೊಳ್ಳೋರು ಯಾರು ಅಂತ ಮೊದಲೇ ಕೇಳಿಕೊಳ್ಳಬೇಕು.

ಮೊಟ್ಟೆಯಿಂದ ಶುರುಮಾಡೋದೊಂದೇ ದಾರಿಯಲ್ಲ. ಮಹಾರಾಷ್ಟ್ರದಲ್ಲಿ ರಾಷ್ಟ್ರೀಯ ಮೀನು ಆನುವಂಶಿಕ ಸಂಪನ್ಮೂಲ ಬ್ಯೂರೋ ಮತ್ತು ಅಲ್ಲಿನ ಮ್ಯಾಂಗ್ರೋವ್ ಫೌಂಡೇಶನ್ ಸೇರಿ ನವಿ ಮುಂಬೈನ ಐರೋಲಿಯಲ್ಲಿ ಕ್ಲೌನ್ ಫಿಶ್ ಹ್ಯಾಚರಿ ಮಾಡಿವೆ. ಮರಿಯ ಕಷ್ಟದ ದಿನಗಳನ್ನು ಹ್ಯಾಚರಿ ನೋಡಿಕೊಳ್ಳುತ್ತೆ. ಪಟ್ಟಿ ಬಂದ ಮರಿಗಳನ್ನು ಕರಾವಳಿಯ ಸಂಘಗಳ ಮಹಿಳೆಯರು ಮಾರಾಟದ ಗಾತ್ರಕ್ಕೆ ಬೆಳೆಸುತ್ತಾರೆ. ಕೋಳಿಮರಿ ತಂದು ಸಾಕಿ ಕೊಡುವ ಪದ್ಧತಿ ನಮಗೆ ಗೊತ್ತಲ್ಲ, ಬಹುಪಾಲು ಹಾಗೇ. ನಮ್ಮಂಥವರಿಗೆ ಹೊಂದೋದು ಇದೇ ಅಂತ ನನ್ನ ಅನಿಸಿಕೆ. ನಾಲ್ಕೈದು ಜನ ಸೇರಿ, ಒಬ್ಬರು ಮರಿ ಮಾಡಿ ಉಳಿದವರು ಬೆಳೆಸಿದರೂ ಆಗುತ್ತೆ.

ಸಹಾಯಧನದ ಬಗ್ಗೆ ಕೇಳುವವರಿಗೆ: 2020ರಲ್ಲಿ ಶುರುವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಹಿತ್ತಲಿನ ಅಲಂಕಾರಿಕ ಮೀನು ಘಟಕಕ್ಕೆ, ಸಿಹಿನೀರಾಗಲಿ ಉಪ್ಪುನೀರಾಗಲಿ, 3 ಲಕ್ಷ ರೂಪಾಯಿ ಘಟಕ ವೆಚ್ಚ ಇಟ್ಟಿದ್ದಾರೆ. ಸಾಮಾನ್ಯ ವರ್ಗಕ್ಕೆ ಅದರಲ್ಲಿ ಶೇ. 40, ಪರಿಶಿಷ್ಟ ಜಾತಿ, ಪಂಗಡದವರಿಗೆ ಮತ್ತು ಮಹಿಳೆಯರಿಗೆ ಶೇ. 60 ಸಹಾಯಧನ. ಈ ಸಾಲಿನಲ್ಲಿ ಅರ್ಜಿ ತೆಗೆದುಕೊಳ್ಳುತ್ತಿದ್ದಾರಾ ಅಂತ ಮೀನುಗಾರಿಕೆ ಇಲಾಖೆಯ ಕಚೇರಿಗೆ ಹೋಗಿಯೇ ಕೇಳಿ, ಫೋನಿನಲ್ಲಿ ಬಂದ ಯಾವ ಲಿಂಕೂ ಒತ್ತಬೇಡಿ. ತರಬೇತಿಗೆ ಮಂಗಳೂರಿನ ಮೀನುಗಾರಿಕೆ ಕಾಲೇಜು, ಸಿಎಂಎಫ್‌ಆರ್‌ಐ ಕೇಂದ್ರಗಳನ್ನು ವಿಚಾರಿಸಬಹುದು.

ಶುರುಮಾಡುವವರು ಈ ಅನುಕ್ರಮ ಹಿಡಿಯಿರಿ. ಮೊದಲು ಎರಡು ಕ್ಯಾನು, ಒಂದು ಏರ್ ಪಂಪು, ಸ್ವಲ್ಪ ಉಪ್ಪು, ಒಂದು ಬಾಟಲಿ ಪಾಚಿ, ಒಂದು ಬಾಟಲಿ ರೋಟಿಫರ್. ಎರಡು ಮೂರು ಸಾವಿರದ ಬಾಬತ್ತು. ಮೂರು ತಿಂಗಳು ಅವನ್ನು ಸಾಯದ ಹಾಗೆ ನಡೆಸಿ, ಮದುವೆ ಹಬ್ಬ ಬಂದಾಗಲೂ, ಅಡಿಕೆ ಕೊಯ್ಲಿನಲ್ಲೂ. ಅದು ನಡೆದರೆ ಒಂದೇ ಒಂದು ಜೋಡಿ ಎಳೆ ಮೀನು ತನ್ನಿ. ಅವು ದೊಡ್ಡದಾಗೋ ಒಂದು ವರ್ಷ ನಿಮ್ಮ ಕೈ ಪಳಗೋಕೆ. ನಡೆಯದಿದ್ದರೆ ಹೋಗಿದ್ದು ಎರಡು ಮೂರು ಸಾವಿರ ಮಾತ್ರ, ಗಪ್ಪಿ ಮೀನೋ ಏಂಜೆಲ್ ಮೀನೋ ಸಾಕಿ. ಸಿಹಿನೀರು, ಖರ್ಚು ಕಡಿಮೆ, ಗಿರಾಕಿ ನಮ್ಮ ಸಂತೆಯಲ್ಲೇ ಸಿಗ್ತಾರೆ.

ಸವಳಂಗದ ಹುಡುಗ ಬ್ಯಾಂಕಿಗೆ ಹೋಗಲಿಲ್ಲ. ಹೋದ ಭಾನುವಾರ ಬೈಕಿನಲ್ಲಿ ಬಂದು ನನ್ನ ಹತ್ತಿರ ಎರಡು ಲೀಟರ್ ರೋಟಿಫರ್ ತಗೊಂಡು ಹೋದ. ಬುಧವಾರ ಬೆಳಿಗ್ಗೆ ಫೋಟೋ ಕಳಿಸಿದ್ದ, ಕ್ಯಾನಿನ ನೀರು ಪೂರ್ತಿ ತಿಳಿಯಾಗಿತ್ತು. "ಅಣ್ಣಾ, ಸತ್ತವಾ?" ಅಂತ ಕೇಳಿದ್ದ. ಇಲ್ಲ, ಹಸಿದಿವೆ, ಪಾಚಿ ಹಾಕು ಅಂದೆ.